ಪರಿಮಳದ ದಪ್ಪ ಮೇಣದಬತ್ತಿ ಕೊಳ್ಳುವ ಮುನ್ನ

ದೀಪಾವಳಿ ಹತ್ತಿರವಾದಂತೆ ತುಮಕೂರಿನ ಅಂಗಡಿಗಳಲ್ಲಿ ಕಂಬದಂಥ ಪರಿಮಳದ ಮೇಣದಬತ್ತಿಗಳು ಕಾಣಿಸುತ್ತವೆ. ಕೊಳ್ಳುವವರು ದಯವಿಟ್ಟು ಬಣ್ಣಕ್ಕೆ ಮರುಳಾಗಬೇಡಿ. ಮೊದಲು ತಳವನ್ನು ಮೂಸಿ ನೋಡಿ. ಮೇಲ್ಭಾಗದಲ್ಲಿ ಮಾತ್ರ ಘಮವಿದ್ದು ತಳದಲ್ಲಿ ಏನೂ ಇಲ್ಲದಿದ್ದರೆ ನಾನು ಅದನ್ನು ಕೊಳ್ಳುವುದಿಲ್ಲ. ಒಳಗಿನ ದಾರ ಸರಿಯಾಗಿ ನಡುವೆ ಇದೆಯೇ ಎಂದೂ ನೋಡಿ. ಓರೆಯಾಗಿದ್ದರೆ ಒಂದು ಬದಿ ಬೇಗ ಕರಗಿ ಮೇಣ ಹೊರಗೆ ಹರಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಸಲ ಉರಿಸುವ ರೀತಿ. ಒಂದು ಇಂಚು ಅಗಲಕ್ಕೆ ಸುಮಾರು 1 ಗಂಟೆ ಎಂದು ಲೆಕ್ಕ ಹಾಕಿ. 3 ಇಂಚಿನದಾದರೆ 3 ಗಂಟೆ, ಅಂದರೆ ಕರಗಿದ ಮೇಣ ಅಂಚಿನ ಹತ್ತಿರಕ್ಕೆ ಬರುವವರೆಗೆ. ನನ್ನ ಮೊದಲ ಬತ್ತಿಯನ್ನು ಅರ್ಧ ಗಂಟೆಗೇ ಆರಿಸಿದ್ದೆ. ನಡುವೆ ಬಾವಿಯಂತೆ ಗುಂಡಿ ಬಿದ್ದು, ಸುತ್ತಲಿನ ಮೇಣವೆಲ್ಲ ದಂಡವಾಯಿತು. ಬಹಳ ಬೇಸರವಾಗಿತ್ತು.

ಪ್ರತಿ ಸಲ ಹಚ್ಚುವ ಮೊದಲು ದಾರವನ್ನು 6 ಮಿಲಿಮೀಟರ್‌ಗೆ ಕತ್ತರಿಸಿ. ಹೊಗೆ, ಮಸಿ ಕಡಿಮೆಯಾಗುತ್ತದೆ. ಕೆಳಗೆ ಸ್ಟೀಲ್ ತಟ್ಟೆ ಇರಲಿ. ಫ್ಯಾನ್ ಗಾಳಿ, ಪರದೆ, ಮಕ್ಕಳ ಕೈ ಇವುಗಳಿಂದ ದೂರವಿಡಿ. ಬತ್ತಿ ಉರಿಯುವಾಗ ಮಲಗಬೇಡಿ.

ಚಿಕ್ಕ ಕೋಣೆಗೆ ಶ್ರೀಗಂಧದಂಥ ಮೆಲುವಾದ ಪರಿಮಳವೇ ಹಿತ. ಮನೆಯಲ್ಲಿ ಉಬ್ಬಸದವರಿದ್ದರೆ ಪರಿಮಳವಿಲ್ಲದ್ದನ್ನೇ ತನ್ನಿ.

ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಕಿಟಕಿಯ ಬಳಿ ಇಟ್ಟ ಬತ್ತಿ ಮೆತ್ತಗಾಗಿ ಬಾಗಬಹುದು. ಕಾಗದ ಸುತ್ತಿ, ತಂಪಾದ ಕಪಾಟಿನಲ್ಲಿ ಮಲಗಿಸಿಡಿ.