ಮದುವೆಗೆ ಬಂದವರಿಗೆ ಕಡಿಮೆ ಖರ್ಚಿನಲ್ಲಿ ಬಾಯಾಡಿಸಲು ಏನು ಕೊಡಬಹುದು?

ಮದುವೆಗೆ ಬಂದವರಿಗೆ ನಿಜವಾಗಿ ಬೇಜಾರಾಗುವುದು ಊಟಕ್ಕೆ ಮುಂಚೆ. ಗಂಡು-ಹೆಣ್ಣು ಫೋಟೋ ತೆಗೆಸಿಕೊಳ್ಳುತ್ತಾ ನಿಂತಿರುತ್ತಾರೆ, ಮಕ್ಕಳು ಕುರ್ಚಿ ಎಳೆದಾಡುತ್ತಿರುತ್ತವೆ, ದೊಡ್ಡವರು ಮೊಬೈಲ್ ನೋಡುತ್ತಾ ಆಕಳಿಸುತ್ತಿರುತ್ತಾರೆ. ನಿಮ್ಮ ದುಡ್ಡು ಹೋಗಬೇಕಾದದ್ದು ಆ ಒಂದು ಗಂಟೆಗೆ. ಹೊರಡುವಾಗ ಕೈಗಿಡುವ ಪೊಟ್ಟಣವನ್ನು ಎಷ್ಟೋ ಜನ ಕುರ್ಚಿ ಮೇಲೇ ಮರೆತು ಹೋಗುತ್ತಾರೆ.

ಮೊದಲು ತಲೆಗೆ ಇಷ್ಟು ಅಂತ ಒಂದು ಮೊತ್ತ ಬರೆದುಕೊಳ್ಳಿ. ಕಪ್ಪು, ಪೇಪರ್ ನ್ಯಾಪ್ಕಿನ್, ಐಸು ಎಲ್ಲಾ ಅದರೊಳಗೇ ಬರಬೇಕು. ತಿನ್ನುವ ವಸ್ತುವಿಗಿಂತ ಅದರ ಡಬ್ಬಿ, ರಿಬ್ಬನ್ನಿಗೇ ಜಾಸ್ತಿ ಸುರಿದವರನ್ನು ನೋಡಿದ್ದೇನೆ. ಆಮೇಲೆ ಐದಾರು ಬಗೆಯ ಆಸೆ ಬಿಟ್ಟು ಒಂದನ್ನು ಆರಿಸಿ, ಅದನ್ನೇ ಧಾರಾಳವಾಗಿ ಇಡಿ.

ನನ್ನ ಓಟು ಪಾಪ್‌ಕಾರ್ನ್‌ಗೆ. 100 ಗ್ರಾಂ ಒಣ ಕಾಳು ಅರಳಿದರೆ ಹೆಚ್ಚುಕಮ್ಮಿ 3 ಲೀಟರ್ ಆಗುತ್ತದೆ. ಅಂದರೆ 250 ಮಿಲಿಯ ಹನ್ನೆರಡು ಕಪ್ಪು. 150 ಜನಕ್ಕೆ ಒಂದೂವರೆ ಕಿಲೋ ತಂದರೆ ಎರಡನೇ ಸಲ ಬರುವವರಿಗೂ ಸ್ವಲ್ಪ ಉಳಿಯುತ್ತದೆ. ಹುರಿದ ತಕ್ಷಣ ಡಬ್ಬಕ್ಕೆ ಹಾಕಿ ಮುಚ್ಚಿಬಿಡಬೇಡಿ, ಒಳಗೇ ಹಬೆ ಕೂತು ಮೆತ್ತಗಾಗುತ್ತದೆ. ಅಗಲವಾದ ತಟ್ಟೆಯಲ್ಲಿ ಹರಡಿ, ಪೂರ್ತಿ ಆರಿದ ಮೇಲೆ ಮುಚ್ಚಿ. ಪಕ್ಕದಲ್ಲಿ ಮೂರು ಡಬ್ಬಿ ಸಾಕು: ನುಣ್ಣಗೆ ಪುಡಿ ಮಾಡಿದ ಉಪ್ಪು, ಖಾರದ ಪುಡಿ, ಸಕ್ಕರೆಗೆ ಚಕ್ಕೆ ಪುಡಿ ಬೆರೆಸಿದ್ದು. ಒಣ ಪಾಪ್‌ಕಾರ್ನ್‌ಗೆ ಪುಡಿ ಅಂಟುವುದಿಲ್ಲ, ಕಪ್ಪಿನ ತಳಕ್ಕೆ ಜಾರಿಬಿಡುತ್ತದೆ. ಹಾಗಾಗಿ ಕೊಡುವ ಮುಂಚೆ ಒಂದು ಚಮಚ ಕರಗಿಸಿದ ಬೆಣ್ಣೆ ಹಾಕಿ ಕಪ್ಪು ಕುಲುಕಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುವ ಭಯ. ಅವರಿಗೆ ಮೆತ್ತಗಿನ ಬಿಸ್ಕೆಟ್ ಇಡಿ.

ಸಿಹಿಯೇ ಬೇಕು ಅಂದರೆ ಗಾಜಿನ ಜಾಡಿಗಳ ಸಾಲು ಚೆನ್ನಾಗಿ ಕಾಣುತ್ತದೆ. ಆದರೆ ಜಾಡಿ ತುಂಬಿಸುವುದಕ್ಕೇ ಬಜೆಟ್ ಖಾಲಿ! ತಳದಲ್ಲಿ ಒಂದು ಬಟ್ಟಲು ಬೋರಲು ಹಾಕಿ, ಅದರ ಸುತ್ತ ಮಿಠಾಯಿ ಸುರಿಯಿರಿ. ಜೊತೆಗೆ ಚಿಕ್ಕ ಚಮಚ, ಚಿಕ್ಕ ಕವರ್ ಇಡಿ. ದೊಡ್ಡ ಸೌಟು ಇಟ್ಟರೆ ಮೊದಲ ಇಪ್ಪತ್ತು ಜನರಿಗೇ ಮುಗಿದುಹೋಗುತ್ತದೆ. ಚಾಕೊಲೇಟ್ ಸಹವಾಸ ತಂಪಾದ ಜಾಗದಲ್ಲಿ ಮಾತ್ರ. ಅದು ಸುಮಾರು 30 ಡಿಗ್ರಿಗೇ ಮೆತ್ತಗಾಗಲು ಶುರು. ಒಮ್ಮೆ ನಾನೇ ಕಿಟಕಿ ಪಕ್ಕದ ಮೇಜಿನ ಮೇಲೆ ಜೋಡಿಸಿಟ್ಟು, ಬಿಸಿಲು ತಿರುಗುತ್ತದೆ ಅನ್ನುವುದನ್ನೇ ಮರೆತಿದ್ದೆ. ಸಂಜೆ ಆ ಮೇಜುಬಟ್ಟೆ ತಿಕ್ಕಿದ್ದೂ ನಾನೇ.

ಇನ್ನು ಮಜಾ ವಿಷಯ. ಒಂದೊಂದು ಕಪ್ಪಿನ ತಳಕ್ಕೆ ಒಂದು ಚೀಟಿ ಅಂಟಿಸಿ, ಅದರಲ್ಲಿ ಮದುಮಕ್ಕಳ ಬಗ್ಗೆ ಒಂದು ಪ್ರಶ್ನೆ. "ಇಬ್ಬರಲ್ಲಿ ಗೊರಕೆ ಯಾರದ್ದು?" "ಮೊದಲು ಸಾರಿ ಕೇಳುವವರು ಯಾರು?" ಒಂದೇ ಪ್ರಶ್ನೆ ಇಬ್ಬರಿಗೆ ಬರುವ ಹಾಗೆ ಮಾಡಿ, ಜೋಡಿ ಹುಡುಕಿ ಉತ್ತರ ಒಪ್ಪಿಸಿದವರಿಗೆ ಇನ್ನೊಂದು ಕಪ್ಪು. ಪರಿಚಯವೇ ಇಲ್ಲದ ಎರಡು ಕಡೆಯವರು ಗೊರಕೆ ಬಗ್ಗೆ ಜಗಳ ಆಡುತ್ತಾ ನಿಂತಿರುತ್ತಾರೆ, ನೋಡಿ. ಖರ್ಚು ನಾಲ್ಕು ಹಾಳೆ ಪ್ರಿಂಟ್, ಅಷ್ಟೇ ಅಲ್ವಾ?

ಯಾವುದರಲ್ಲಾದರೂ ಕಡಲೆಕಾಯಿ, ಬಾದಾಮಿ ಇದ್ದರೆ ದೊಡ್ಡ ಅಕ್ಷರದಲ್ಲಿ ಬರೆದಿಡಿ, ಕೆಲವರಿಗೆ ಅಲರ್ಜಿ ಇರುತ್ತದೆ. ಕೌಂಟರಿಗೆ ಹದಿನಾಲ್ಕು-ಹದಿನೈದು ವರ್ಷದ ಇಬ್ಬರು ಹುಡುಗರನ್ನು ನಿಲ್ಲಿಸಿ. ಸುಮ್ನೆ ಹೇಳಿದರೆ ಬರುವುದಿಲ್ಲ, ಬೇಕಾದಷ್ಟು ತಿನ್ನಬಹುದು ಅಂತ ಹೇಳಿ ಕರೆಯಿರಿ. ಎರಡು ಕಸದ ಬುಟ್ಟಿ ಮರೆಯಬೇಡಿ: ಒಂದು ಮೇಜಿನ ಪಕ್ಕ, ಇನ್ನೊಂದು ಇಪ್ಪತ್ತು ಹೆಜ್ಜೆ ಆಚೆ, ಕಪ್ಪು ಖಾಲಿಯಾಗುವ ಹೊತ್ತಿಗೆ ಜನ ಅಲ್ಲಿರುತ್ತಾರೆ.