ಗ್ಲಿಟರ್ ನೇಲ್ ಪಾಲಿಶ್ ಸುಲಭವಾಗಿ ತೆಗೆಯಲು ಹಚ್ಚುವ ಮೊದಲೇ ಮಾಡಬೇಕಾದ ತಯಾರಿ

ಮದುವೆಗೋ ಹಬ್ಬಕ್ಕೋ ಹಚ್ಚಿಕೊಂಡ ಗ್ಲಿಟರ್ ನೇಲ್ ಪಾಲಿಶ್ ನಾಲ್ಕಾರು ದಿನ ಕಳೆದು ತುದಿಯಲ್ಲಿ ಏಳತೊಡಗಿದಾಗ, ರಿಮೂವರ್‌ನಲ್ಲಿ ಅದ್ದಿದ ಹತ್ತಿಯಿಂದ ಎಷ್ಟು ಉಜ್ಜಿದರೂ ಬಣ್ಣ ಮಾತ್ರ ಹೋಗಿ ಮಿನುಗುವ ಚೂರುಗಳು ಉಗುರಿಗೆ ಕಚ್ಚಿಕೊಂಡೇ ಉಳಿಯುತ್ತವೆ, ಹತ್ತಿಯ ಎಳೆಗಳು ಅವುಗಳಿಗೆ ಸಿಕ್ಕಿಕೊಳ್ಳುತ್ತವೆ. ಆಗ ಹೆಚ್ಚಿನವರು ಬೇಸತ್ತು ಇನ್ನೊಂದು ಕೈಯ ಉಗುರಿನಿಂದ ಕೆರೆಯಲು ಶುರು ಮಾಡುತ್ತಾರೆ. ಖಂಡಿತ ಮಾಡಬಾರದ ಕೆಲಸ ಇದೊಂದೇ. ಉಗುರು ಕೆರಟಿನ್ ಎಂಬ ಪ್ರೋಟೀನಿನ ತೆಳುವಾದ ಪದರಗಳಿಂದ ಆದದ್ದು, ಒಟ್ಟು ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಕೆರೆದಾಗ ಪಾಲಿಶ್‌ನ ಜೊತೆಗೆ ಉಗುರಿನ ಮೇಲ್ಪದರವೂ ಕಿತ್ತು ಬರುತ್ತದೆ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ, ಹಾಗೆ ಹಾಳಾದ ಭಾಗ ಬೆಳೆದು ಹೋಗಿ ಪೂರ್ತಿ ಹೊಸ ಉಗುರು ಬರಲು ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ.

ಗ್ಲಿಟರ್ ಇಷ್ಟು ಹಟ ಮಾಡುವುದಕ್ಕೆ ಕಾರಣವಿದೆ. ಸಾಮಾನ್ಯ ನೇಲ್ ಪಾಲಿಶ್ ಒಣಗಿದ ಮೇಲೆ ಉಳಿಯುವುದು ಮುಖ್ಯವಾಗಿ ನೈಟ್ರೋಸೆಲ್ಯುಲೋಸ್‌ನ ಪೊರೆ. ಹಲವು ರಿಮೂವರ್‌ಗಳಲ್ಲಿರುವ ಅಸಿಟೋನ್ ಎಂಬ ದ್ರಾವಕ ಅದನ್ನು ಕ್ಷಣದಲ್ಲಿ ಕರಗಿಸುತ್ತದೆ. ಗ್ಲಿಟರ್ ಚೂರುಗಳಾದರೋ ಹೆಚ್ಚಾಗಿ ಲೋಹದ ಲೇಪವಿರುವ ಪಾಲಿಯೆಸ್ಟರ್ ಹಾಳೆಯನ್ನು ಸಣ್ಣಗೆ ಕತ್ತರಿಸಿ ಮಾಡಿದವು, ಅವು ಅಸಿಟೋನ್‌ನಲ್ಲಿ ಕರಗುವುದಿಲ್ಲ. ಗಾರೆಯಲ್ಲಿ ಹುದುಗಿಸಿದ ಗಾಜಿನ ಚೂರುಗಳಂತೆ ಅವು ಪೊರೆಯೊಳಗೆ ಒಂದರ ಮೇಲೊಂದು ಕೂತಿದ್ದು, ತಮ್ಮ ಕೆಳಗಿರುವ ಪೊರೆಗೆ ರಿಮೂವರ್ ಇಳಿಯದಂತೆ ತಡೆಯುತ್ತವೆ. ಹಾಗಾಗಿ ಇಲ್ಲಿ ಫಲ ಕೊಡುವ ದಾರಿಗಳು ಎರಡೇ: ಚೂರುಗಳ ಅಡಿಯಲ್ಲಿ ಸುಲಭವಾಗಿ ಬಿಟ್ಟುಕೊಡುವ ಒಂದು ಪದರವನ್ನು ಮೊದಲೇ ಹಾಕಿಡುವುದು, ಇಲ್ಲವೇ ರಿಮೂವರ್ ಅಡಿಯವರೆಗೆ ಇಳಿಯುವಷ್ಟು ಹೊತ್ತು ನೆನೆಯಲು ಬಿಡುವುದು.

ಮೊದಲನೆಯದೇ ಉತ್ತಮವೆಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕಾಗಿ ಪೀಲ್ ಆಫ್ ಬೇಸ್ ಕೋಟ್ ಎಂಬ ಹೆಸರಿನಲ್ಲೇ ಸೀಸೆಗಳು ಸಿಗುತ್ತವೆ. ಸಿಗದಿದ್ದರೆ ಮಕ್ಕಳು ಶಾಲೆಯಲ್ಲಿ ಕಾಗದ ಅಂಟಿಸಲು ಬಳಸುವ, ನೀರಿನಲ್ಲಿ ತೊಳೆದರೆ ಹೋಗುವ ಬಿಳಿ ಅಂಟು ಸಾಕು. ಮರಗೆಲಸದವರ ನೀರು ತಡೆಯುವ ಅಂಟು, ಚಪ್ಪಲಿಗೆ ಹಾಕುವ ಹಳದಿ ಅಂಟು, ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಇವು ಯಾವುವೂ ಉಗುರಿನ ಹತ್ತಿರ ಸುಳಿಯಬಾರದು. ಮೂರು ಪಾಲು ಬಿಳಿ ಅಂಟಿಗೆ ಒಂದು ಪಾಲು ನೀರು ಬೆರೆಸಿ, ತೊಳೆದು ಒಣಗಿಸಿದ ಹಳೆಯ ಪಾಲಿಶ್ ಸೀಸೆಗೆ ತುಂಬಿಟ್ಟುಕೊಂಡರೆ ಅದರ ಬ್ರಶ್‌ನಿಂದಲೇ ಹಚ್ಚಬಹುದು.

ಹಚ್ಚುವ ಮುನ್ನ ಉಗುರಿನ ಮೇಲೆ ಎಣ್ಣೆಯ ಪಸೆ ಉಳಿಯದಂತೆ ಸೋಪಿನಿಂದ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಅಂಟನ್ನು ತೆಳ್ಳಗೆ, ಸುತ್ತಲಿನ ಚರ್ಮಕ್ಕೆ ತಾಗದಂತೆ ಬಳಿಯಿರಿ. ಉಗುರಿನ ತುದಿಯಲ್ಲಿ ಕೂದಲೆಳೆಯಷ್ಟು ಜಾಗ ಬಿಟ್ಟರೆ ಅಲ್ಲಿ ಪಾಲಿಶ್ ನೇರವಾಗಿ ಉಗುರನ್ನು ಹಿಡಿದುಕೊಳ್ಳುವುದರಿಂದ ಬೇಗ ಏಳುವುದಿಲ್ಲ. ಹಚ್ಚಿದಾಗ ಹಾಲಿನಂತೆ ಬೆಳ್ಳಗಿರುವ ಪದರ ಒಣಗುತ್ತ ಒಣಗುತ್ತ ಅಂಚಿನಿಂದ ನಡುವಿನ ಕಡೆಗೆ ತಿಳಿಯಾಗುತ್ತದೆ. ನಡುವಿನ ಕೊನೆಯ ಬಿಳಿ ಚುಕ್ಕೆಯೂ ಮಾಯವಾಗುವವರೆಗೆ, ಅಂದರೆ ಹತ್ತರಿಂದ ಹದಿನೈದು ನಿಮಿಷ ಕಾಯಲೇಬೇಕು. ಹಸಿ ಇರುವಾಗಲೇ ಮೇಲೆ ಪಾಲಿಶ್ ಹಚ್ಚಿದರೆ ಎರಡೂ ಕಲಸಿಕೊಂಡು ಗುಳ್ಳೆ ಏಳುತ್ತವೆ. ಆಮೇಲೆ ಗ್ಲಿಟರನ್ನು ಎರಡು ತೆಳು ಪದರಗಳಾಗಿ ಹಚ್ಚಿ, ಕೊನೆಗೊಂದು ಬಣ್ಣವಿಲ್ಲದ ಟಾಪ್ ಕೋಟ್ ಹಾಕಿ.

ತೆಗೆಯುವ ದಿನ ಕೈಯನ್ನು ಬೆಚ್ಚಗಿನ ನೀರಿನಲ್ಲಿ ಐದಾರು ನಿಮಿಷ ಇಟ್ಟುಕೊಂಡು, ಉಗುರಿನ ಬುಡದ ಒಂದು ಮೂಲೆಯಿಂದ ಮರದ ಕಡ್ಡಿಯ ಚಪ್ಪಟೆ ತುದಿಯನ್ನು ಮೆಲ್ಲಗೆ ನುಗ್ಗಿಸಿದರೆ, ನೀರು ಕುಡಿದು ಮೆದುವಾದ ಅಂಟು ಬಿಟ್ಟುಕೊಂಡು ಗ್ಲಿಟರ್ ಇಡೀ ಹಾಳೆಯಾಗಿ ಎದ್ದು ಬರುತ್ತದೆ. ಎಲ್ಲಾದರೂ ಬಿಗಿ ಹಿಡಿದರೆ ಎಳೆಯದೆ ಮತ್ತೆ ನೀರಿಗಿಡಿ. ದಿನವೂ ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಕೈಗಳಿಗೆ ಈ ವಿಧಾನ ಹೆಚ್ಚು ದಿನ ಬಾಳುವುದಿಲ್ಲ. ಒಂದೆರಡು ದಿನದ ಸಮಾರಂಭಕ್ಕೆ ಇದು ಹೇಳಿ ಮಾಡಿಸಿದಂತಿದೆ.

ಅಂಟು ಹಾಕದೆ ಈಗಾಗಲೇ ಹಚ್ಚಿಕೊಂಡಿದ್ದರೆ ಫಾಯಿಲ್ ಸುತ್ತುವುದೇ ದಾರಿ. ಉಗುರಿನ ಅಳತೆಗೆ ಹತ್ತಿಯ ಪ್ಯಾಡನ್ನು ಕತ್ತರಿಸಿಕೊಳ್ಳಿ. ಬಿಡಿ ಹತ್ತಿಗಿಂತ ಒತ್ತಾದ ಪ್ಯಾಡು ವಾಸಿ, ಎಳೆಗಳು ಕಡಿಮೆ ಸಿಕ್ಕಿಕೊಳ್ಳುತ್ತವೆ. ಉಗುರಿನ ಸುತ್ತಲಿನ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿ ಸವರಿ, ಅಸಿಟೋನ್ ಇರುವ ರಿಮೂವರ್‌ನಲ್ಲಿ ತೊಯ್ದ ತುಂಡನ್ನು ಉಗುರಿನ ಮೇಲಿಟ್ಟು, ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್‌ನ ಪಟ್ಟಿಯಿಂದ ಬೆರಳ ತುದಿಯನ್ನು ಬಿಗಿಯಾಗಿ ಮುಚ್ಚಿ. ಅಸಿಟೋನ್ ತೆರೆದ ಗಾಳಿಯಲ್ಲಿ ಕಣ್ಣೆದುರೇ ಆರಿಹೋಗುವ ದ್ರವ. ಫಾಯಿಲ್ ಅದನ್ನು ಹಿಡಿದಿಡುವುದರಿಂದಲೇ ಚೂರುಗಳ ಅಡಿಯವರೆಗೆ ಇಳಿಯಲು ಸಮಯ ಸಿಗುತ್ತದೆ. ಎಂಟು ಹತ್ತು ನಿಮಿಷದ ನಂತರ ಫಾಯಿಲ್ ಸಮೇತ ಒತ್ತಿ ಹಿಡಿದು, ಬುಡದಿಂದ ತುದಿಯ ಕಡೆಗೆ ಒಂದೇ ಸಲ ಜಾರಿಸಿ ಎಳೆಯಿರಿ. ಅಲ್ಲೊಂದು ಇಲ್ಲೊಂದು ಚೂರು ಉಳಿದರೆ ಅದೇ ಬೆರಳಿಗೆ ಇನ್ನೆರಡು ನಿಮಿಷ ಸುತ್ತಿ. ಅಸಿಟೋನ್ ಇಲ್ಲದ ರಿಮೂವರ್ ಆದರೆ ಇನ್ನೂ ಹೆಚ್ಚು ಹೊತ್ತು ಬೇಕು. ಅಂಟಿಸಿಕೊಂಡ ಕೃತಕ ಉಗುರುಗಳಿಗೆ ಅಸಿಟೋನ್ ಸಲ್ಲದು, ಅವೇ ಕರಗತೊಡಗುತ್ತವೆ.

ಈ ಕೆಲಸವನ್ನು ಅಡುಗೆಮನೆಯಲ್ಲಾಗಲಿ ದೇವರ ಮನೆಯ ಪಕ್ಕದಲ್ಲಾಗಲಿ ಮಾಡಬೇಡಿ. ಅಸಿಟೋನ್‌ನ ಆವಿ ಸೊನ್ನೆ ಡಿಗ್ರಿಗಿಂತ ಕೆಳಗಿನ ತಾಪದಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಒಲೆ, ದೀಪ, ಊದುಬತ್ತಿ ಎಲ್ಲವೂ ಅಪಾಯವೇ. ಬೇಗ ಆಗಲೆಂದು ಸೀಸೆಯನ್ನು ಬಿಸಿ ಮಾಡಲೂ ಬಾರದು, ಬೇಕಿದ್ದರೆ ಸುತ್ತಿದ ಕೈಯನ್ನು ಬೆಚ್ಚಗಿನ ಒಣ ಟವೆಲಿನಲ್ಲಿ ಇಟ್ಟುಕೊಳ್ಳಬಹುದು. ಕಿಟಕಿ ತೆರೆದು, ಮೇಜಿನ ಮೇಲೆ ದಪ್ಪವಾಗಿ ಹಳೆಯ ಪತ್ರಿಕೆ ಹಾಸಿ ಕೂತುಕೊಳ್ಳಿ, ಏಕೆಂದರೆ ಒಂದು ಹನಿ ಬಿದ್ದರೂ ಮರದ ಪಾಲಿಶ್, ಕೆಲವು ಪ್ಲಾಸ್ಟಿಕ್‌ಗಳು, ಕನ್ನಡಕದ ಅಸಿಟೇಟ್ ಚೌಕಟ್ಟು ಇವೆಲ್ಲ ಕಲೆಗಟ್ಟುತ್ತವೆ.

ನಿಂಬೆಹಣ್ಣು, ವಿನೆಗರ್, ಟೂತ್‌ಪೇಸ್ಟ್‌ಗಳನ್ನು ಹಲವರು ಸೂಚಿಸುತ್ತಾರೆ. ನೈಟ್ರೋಸೆಲ್ಯುಲೋಸ್ ಅವುಗಳಲ್ಲಿ ಕರಗುವುದೇ ಇಲ್ಲ, ಬರೀ ಉಜ್ಜಿದ್ದಷ್ಟೇ ಲಾಭ. ಹೊಸ ಪಾಲಿಶ್ ಹಚ್ಚಿ ತಕ್ಷಣ ಒರೆಸುವ ಉಪಾಯ ಸಾದಾ ಬಣ್ಣಕ್ಕೆ ಸರಿ, ಗ್ಲಿಟರ್ ಮಾತ್ರ ಹರಡಿಕೊಳ್ಳುತ್ತದೆ. ಗೋಡೆ ಬಣ್ಣದ ಥಿನ್ನರ್ ಚರ್ಮಕ್ಕೆ ಖಂಡಿತ ಬೇಡ.

ತೆಗೆದ ಮೇಲೆ ಉಗುರು ಸುಣ್ಣ ಬಳಿದಂತೆ ಬಿಳಿಚಿಕೊಂಡರೆ ಗಾಬರಿ ಬೇಡ, ಅಸಿಟೋನ್ ಪಸೆಯನ್ನು ಎಳೆದುಕೊಂಡಿರುತ್ತದೆ. ಸೋಪಿನಿಂದ ಕೈ ತೊಳೆದು, ಉಗುರಿಗೂ ಅದರ ಬುಡಕ್ಕೂ ಕೊಬ್ಬರಿ ಎಣ್ಣೆ ತಿಕ್ಕಿದರೆ ಸರಿಹೋಗುತ್ತದೆ. ಎಣ್ಣೆ ಹಚ್ಚಿದರೂ ಮಾಸದ ಬಿಳಿ ಮಚ್ಚೆಗಳಿದ್ದರೆ ಮೇಲ್ಪದರ ಎದ್ದಿದೆ ಎಂದೇ ತಿಳಿದು, ಅವು ಬೆಳೆದು ಹೋಗುವವರೆಗೆ ಪಾಲಿಶ್ ನಿಲ್ಲಿಸುವುದು ಒಳ್ಳೆಯದು. ಗ್ಲಿಟರ್ ಪ್ಲಾಸ್ಟಿಕ್ ಆದ್ದರಿಂದ ಅಂಟಿನ ನೀರನ್ನು ಸಿಂಕಿಗೆ ಸುರಿಯುವ ಮುನ್ನ ಹಳೆಯ ಬಟ್ಟೆಯಲ್ಲಿ ಸೋಸಿ. ಹತ್ತಿ ಮತ್ತು ಫಾಯಿಲನ್ನು ಬೆಂಕಿಯಿಂದ ದೂರ, ಬಯಲಿನಲ್ಲಿ ಪೂರ್ತಿ ಆರಿಸಿದ ಮೇಲೆಯೇ ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ.