ನನ್ನ ಅನುಭವ: ಒಂದು ಮ್ಯೂಸಿಯಂ, ಮೂರು ವಸ್ತು, ಒಂದು ಗಂಟೆ

“ಮ್ಯೂಸಿಯಮ್ಮಿಗೆ ಮಕ್ಕಳನ್ನಾ? ಅಲ್ಲಿ ಎಂತ ಉಂಟು ಮಾರಾಯ್ತಿ, ಹಳೇ ಕಲ್ಲು ಬಿಟ್ರೆ?” ಎಂದು ನನ್ನ ಅತ್ತಿಗೆ ಕೇಳಿ ಎರಡು ವರ್ಷ ಆಯಿತು. ಈ ದಸರಾ ರಜೆಯಲ್ಲಿ ಅವರೇ ಫೋನ್ ಮಾಡಿದರು. ಮುಂದಿನ ಸಲ ಅವರ ಮಗನನ್ನೂ ನಮ್ಮ ಜೊತೆ ಕಳಿಸುತ್ತಾರಂತೆ. ನನಗೆ ತುಂಬಾ ಖುಷಿಯಾಯಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಮನೆ ಸುರತ್ಕಲ್‌ನಲ್ಲಿ. ಮಗಳಿಗೆ ಈಗ ಹನ್ನೊಂದು, ಮಗನಿಗೆ ಏಳು. ಮಕ್ಕಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ತಿರುಗುವವರಿಗೆ ನೀರಿನ ಬಾಟಲಿ, ಕೊಡೆ, ವಾಂತಿಗೆ ಪ್ಲಾಸ್ಟಿಕ್ ಚೀಲ ಎಂದೆಲ್ಲ ಹೇಳಬೇಕಾಗಿಲ್ಲ. ನಾನು ಎಲ್ಲಿ ಎಡವಿದೆ, ಎಷ್ಟು ಹಣ ಹೋಯಿತು ಅಂತ ಹೇಳುತ್ತೇನೆ.

ಮೊದಲ ಸಲ ಹೋದದ್ದು ಮೇ ತಿಂಗಳಲ್ಲಿ. ಒಂದೇ ದಿನ ಮೂರು ಮ್ಯೂಸಿಯಂ ಮುಗಿಸುವ ಹಠ. ಹೊರಟದ್ದು ಸೋಮವಾರ! ಮಂಗಳೂರಿನ ಬಿಜೈಯ ಸರ್ಕಾರಿ ಮ್ಯೂಸಿಯಮ್ಮಿಗೆ ವಾರದ ರಜೆ. ಕೇಳಿಕೊಂಡು ಹೊರಡದಿದ್ದದ್ದು ನನ್ನದೇ ತಪ್ಪು. ಬಿಸಿಲಿನಲ್ಲಿ ಅಲ್ಲಿಂದ ರಿಕ್ಷಾ ಮಾಡಿಕೊಂಡು ಸಂತ ಅಲೋಶಿಯಸ್ ಕಾಲೇಜಿನ ಅಲೋಶಿಯಂ ಎಂಬ ಮ್ಯೂಸಿಯಮ್ಮಿಗೆ ಹೋದೆವು. 1913ರಲ್ಲಿ ಶುರುವಾದ ಸಂಗ್ರಹ ಅದು. ನಾಣ್ಯ, ಕಲ್ಲು, ಖನಿಜ, ಪ್ರಾಣಿ, ಯಂತ್ರ ಎಲ್ಲ ಇದೆ. ನಲವತ್ತು ನಿಮಿಷದಲ್ಲಿ ಎಲ್ಲವನ್ನೂ ತೋರಿಸಿಬಿಟ್ಟೆ. “ಇದು ನೋಡು, ಅದು ನೋಡು, ಬೇಗ ಬಾ” ಅಂತ ಎಳೆದುಕೊಂಡು ಹೋದೆ. ಮಗ ನೆಲದ ಮೇಲೆ ಕೂತು ಅಳಲು ಶುರು ಮಾಡಿದ. ಕೊನೆಗೆ ಎಸಿ ಇದೆಯಲ್ಲ ಅಂತ ಒಂದು ಮಾಲ್‌ಗೆ ಹೋದೆವು. ಅಲ್ಲಿ ಊಟ, ಐಸ್‌ಕ್ರೀಂ, ಆಟದ ಯಂತ್ರ. ರಿಕ್ಷಾ ಸೇರಿ ಸುಮಾರು 1400 ರೂಪಾಯಿ ಕರಗಿತು.

ಆದರೆ ರಾತ್ರಿ ಮಲಗುವಾಗ ಮಗಳನ್ನು ಕೇಳಿದೆ, ಇವತ್ತು ಎಂತ ನೋಡಿದೆ ಅಂತ. “ಕಾರು” ಎಂದಳು. ಅಲೋಶಿಯಂನಲ್ಲಿಟ್ಟ, ಮಂಗಳೂರಿಗೆ ಬಂದ ಮೊದಲ ಕಾರು ಅದು, ಫ್ರಾನ್ಸಿನ ಡಿ ಡಿಯಾನ್ ಕಂಪನಿಯ 1906ರ ಕಾರು. ತಮ್ಮ ಅಳುತ್ತಿದ್ದಾಗ ನಾನು ಅವನನ್ನು ಸಮಾಧಾನ ಮಾಡುತ್ತಿದ್ದೆ, ಇವಳು ಅಷ್ಟು ಹೊತ್ತು ಕಾರಿನ ಮುಂದೆ ಸುಮ್ನೆ ನಿಂತಿದ್ದಳು. ಚಕ್ರ ಹೇಗಿತ್ತು, ದೀಪ ಎಲ್ಲಿತ್ತು ಎಲ್ಲಾ ಹೇಳಿದಳು. ಓಡಿ ಓಡಿ ತೋರಿಸಿದ್ದು ಒಂದೂ ಅವಳ ತಲೆಯಲ್ಲಿ ಉಳಿದಿರಲಿಲ್ಲ, ನಿಂತು ನೋಡಿದ ಕಾರು ಮಾತ್ರ ಉಳಿದಿತ್ತು. ನನ್ನ ದಾರಿ ಅಲ್ಲಿಂದ ಶುರುವಾಯಿತು. ಆದರೆ ಅದು ನನಗೆ ಸರಿಯಾಗಿ ತಲೆಗೆ ಹೋಗಲು ಇನ್ನೂ ಎರಡು ಸೋಲು ಬೇಕಾಯಿತು.

ಒಂದು, ಮಣಿಪಾಲದ ಅನಾಟಮಿ ಮ್ಯೂಸಿಯಂ, ಅಂದರೆ ದೇಹದ ಅಂಗಾಂಗಗಳನ್ನು ಇಟ್ಟಿರುವ ಜಾಗ. ಟಿಕೆಟ್ ಕಡಿಮೆ, ಸಾವಿರಾರು ಮಾದರಿಗಳಿವೆ, ಅಷ್ಟು ಸಾಕು ಅಂತ ಐದು ವರ್ಷದ ಮಗನನ್ನೂ ಕರೆದುಕೊಂಡು ಹೋದೆ. ಬಾಟಲಿಯಲ್ಲಿಟ್ಟ ಭ್ರೂಣ ನೋಡಿ ಹೆದರಿದ. ಹತ್ತು ನಿಮಿಷಕ್ಕೆ ಹೊರಗೆ ಬಂದೆವು. ಎರಡು ರಾತ್ರಿ ಅವನು ದೀಪ ಆರಿಸಲು ಬಿಡಲಿಲ್ಲ. ಮುಂದೆ ಮಗಳನ್ನು ಮಾತ್ರ ಕರೆದುಕೊಂಡು ಹೋದೆ. ಆನೆಯ ಅಸ್ಥಿಪಂಜರದ ಕೆಳಗೆ ನಿಂತು ಪಕ್ಕೆಲುಬು ಎಣಿಸಿದಳು, ಮೂರು ಸಲ ಲೆಕ್ಕ ತಪ್ಪಿತು, ಆದರೂ ಬಿಡಲಿಲ್ಲ. ಒಂಬತ್ತು ಹತ್ತು ವರ್ಷ ಆಗದೆ ಅಲ್ಲಿಗೆ ಕರೆದುಕೊಂಡು ಹೋಗಬೇಡಿ ಅಂತ ನನ್ನ ಮಾತು.

ಇನ್ನೊಂದು, ನಾನೇ ಕೂತು ಮಾಡಿದ ಪ್ರಶ್ನೆಪತ್ರಿಕೆ. ಇಪ್ಪತ್ತು ಪ್ರಶ್ನೆ, ಬಣ್ಣದ ಜೆರಾಕ್ಸ್, 60 ರೂಪಾಯಿ. ಮಕ್ಕಳು ವಸ್ತುವಿನ ಕಡೆ ನೋಡಲೇ ಇಲ್ಲ. ವಸ್ತುವಿನ ಪಕ್ಕದ ಚೀಟಿಯಲ್ಲಿ ಬರೆದದ್ದನ್ನು ನಕಲು ಮಾಡಿ ಮುಂದೆ ಓಡಿದರು. ಅದು ಮತ್ತೊಂದು ಶಾಲೆಯೇ ಆಯಿತು. ಅದೇ ದಿನ ಮ್ಯೂಸಿಯಮ್ಮಿನ ಕಾವಲಿನವರು ಮಕ್ಕಳು ನೆಲದಲ್ಲಿ ಕೂತು ಬರೆಯುತ್ತಿದ್ದಾರೆ ಅಂತ ಜೋರು ಮಾಡಿದರು. ಮಗಳ ಕಣ್ಣಲ್ಲಿ ನೀರು ಬಂತು. ಎಲ್ಲರ ಮುಂದೆ ಮಕ್ಕಳಿಗೆ ಹಾಗೆ ಗದರುವುದು ಸರಿಯಲ್ಲ. ಈಗ ಒಳಗೆ ಹೋದ ತಕ್ಷಣ ನಾನೇ ಕೇಳುತ್ತೇನೆ, “ಅಣ್ಣ, ಮಕ್ಕಳು ಚಿತ್ರ ಬಿಡಿಸ್ಲಿಕ್ಕೆ ಎಲ್ಲಿ ಕೂತ್ರೆ ತೊಂದರೆ ಇಲ್ಲ?” ಕೇಳಿದರೆ ಕುರ್ಚಿ ತಂದುಕೊಟ್ಟವರೂ ಇದ್ದಾರೆ.

ಈಗ ಮಾಡುವುದು ಇಷ್ಟು. ಒಂದು ದಿನಕ್ಕೆ ಒಂದೇ ಮ್ಯೂಸಿಯಂ. ಒಳಗೆ ಒಂದು ಗಂಟೆ, ಗಡಿಯಾರ ಮಗನ ಕೈಯಲ್ಲಿ. ಮೊದಲ ಹತ್ತು ನಿಮಿಷ ಸುಮ್ನೆ ಒಂದು ಸುತ್ತು. ಆಮೇಲೆ ಮೂರು ವಸ್ತು ಮಾತ್ರ. ಒಂದು ಮಗಳದು, ಒಂದು ಮಗನದು, ಒಂದು ನನ್ನದು. ಉಳಿದದ್ದು ನೋಡದೆ ಬರುತ್ತೇವೆ. ಇದು ದೊಡ್ಡವರಿಗೆ ತುಂಬಾ ಕಷ್ಟ, ಟಿಕೆಟ್ ಕೊಟ್ಟಿದ್ದೇವಲ್ಲ ಅಂತ ಕೈ ಚಡಪಡಿಸುತ್ತದೆ. ಟಿಕೆಟ್ ಕಡಿಮೆ ಇರುವ ಜಾಗವನ್ನೇ ಹುಡುಕುವುದು ಅದಕ್ಕೇ. ಪುಕ್ಕಟೆ ಜಾಗವಾದರೆ ಬಿಟ್ಟು ಬರಲು ಸಂಕಟವಿಲ್ಲ, ಇನ್ನೊಮ್ಮೆ ಬಂದರಾಯಿತು. ಫೋನ್ ಚೀಲದಲ್ಲಿ. ಕೈಯಲ್ಲಿ ಪೆನ್ಸಿಲ್ ಮತ್ತು ಹಳೇ ನೋಟುಬುಕ್ಕಿನ ಉಳಿದ ಹಾಳೆ.

ಪ್ರತಿ ವಸ್ತುವಿನ ಮುಂದೆ ಒಂದೇ ಪ್ರಶ್ನೆ: “ಎಲ್ಲಿ ಸವೆದಿದೆ?” ಹಿಡಿಕೆ ಸವೆದಿದ್ದರೆ ಯಾರೋ ದಿನಾ ಹಿಡಿದಿದ್ದಾರೆ. ಕಲ್ಲಿನ ಅಂಚು ಸವೆದಿದ್ದರೆ ಅಲ್ಲಿ ಹಗ್ಗ ಎಳೆದಿರಬಹುದು, ಇಲ್ಲವೇ ಮಳೆ ಬಿದ್ದಿರಬಹುದು. ಚೀಟಿ ಓದದೆಯೇ ಮಕ್ಕಳು ಅರ್ಧ ಕಥೆ ಹೇಳುತ್ತಾರೆ. ಬಸ್ಸಿನಲ್ಲಿ ವಾಪಸ್ ಬರುವಾಗ ಕೇಳುವ ಇನ್ನೊಂದು ಪ್ರಶ್ನೆ ಇದೆ, ಅದು ನಮ್ಮ ಮನೆಯದು. ಅದನ್ನು ಇಲ್ಲಿ ಹೇಳುವುದಿಲ್ಲ.

ಹೀಗೆ ಮತ್ತೆ ಬಿಜೈಗೆ ಹೋದೆವು, ಶನಿವಾರ. ಶ್ರೀಮಂತಿ ಬಾಯಿ ಸ್ಮಾರಕ ಮ್ಯೂಸಿಯಮ್ಮಿನ ಕಟ್ಟಡ ಹಡಗಿನ ಆಕಾರದಲ್ಲಿದೆ. ಒಳಗೆ ಹೋಗುವ ಮೊದಲು ಮಕ್ಕಳು ಹಡಗಿನ ಮೂತಿ ಯಾವುದು ಅಂತ ಹುಡುಕಲು ಹೊರಗೇ ಎರಡು ಸುತ್ತು ಹಾಕಿದರು. ಕರ್ನಲ್ ಮಿರಾಜ್ಕರ್ ಅವರು ತಾಯಿಯ ನೆನಪಿಗೆ ಈ ಕಟ್ಟಡ ಕೊಟ್ಟದ್ದು, 1960ರಲ್ಲಿ ಮ್ಯೂಸಿಯಂ ಆಗಿ ತೆರೆದದ್ದು. ಮಗ ಕೇಳಿದ, “ಅಮ್ಮನ ಹೆಸರಿಗೆ ಇಷ್ಟು ದೊಡ್ಡ ಹಡಗಾ?” ಹೌದು ಮಗಾ ಎಂದೆ.

ಅಲ್ಲಿಂದ ಕದ್ರಿ ಹತ್ತಿರ. ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನಾನು ನನ್ನ ಲೆಕ್ಕದಲ್ಲಿ ಮ್ಯೂಸಿಯಂ ಎಂದೇ ಹಿಡಿಯುತ್ತೇನೆ. 968ರದ್ದು, ಆಳುಪ ರಾಜ ಕುಂದವರ್ಮನ ಕಾಲದ್ದು. ಮೂರು ಮುಖ, ಆರು ಕೈ. ಮಗಳು ಅಲ್ಲೇ ಕಳೆಯುವ ಲೆಕ್ಕ ಮಾಡಿ, ಸಾವಿರದ ಮೇಲೆ ಐವತ್ತಕ್ಕಿಂತ ಜಾಸ್ತಿ ವರ್ಷ ಆಯಿತಲ್ಲ ಅಮ್ಮ ಎಂದು ಬಾಯಿಬಿಟ್ಟು ನಿಂತಳು. ಮನೆಯ ಬನ್ಸ್ ಡಬ್ಬಿಯಲ್ಲಿತ್ತು. ಬಸ್ಸು, ಟಿಕೆಟ್, ಒಂದೊಂದು ಕಬ್ಬಿನ ಹಾಲು ಸೇರಿ 200 ರೂಪಾಯಿ ದಾಟಿರಲಿಕ್ಕಿಲ್ಲ.

ಇದಕ್ಕಿಂತ ಅಗ್ಗದ ದಿನ ಉಡುಪಿಯದು. ಅದರ ಬಗ್ಗೆ ನನಗೆ ಹೆಮ್ಮೆ ಇದೆ. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ. ಹೆಂಗಸರಿಗೆ ಸರ್ಕಾರಿ ಬಸ್ ಪುಕ್ಕಟೆ ಆದರೂ ನಮಗೆ ಸಿಗುವುದು ಕಡಿಮೆ, ಅಲ್ವಾ? ನಾನು ಹಠ ಹಿಡಿದು ನಿಂತೆ. ಮುಕ್ಕಾಲು ಗಂಟೆ ಕಾದೆ. ಆರೇಳು ಎಕ್ಸ್‌ಪ್ರೆಸ್ ಬಸ್ ಎದುರೇ ಹೋದವು. ಆಮೇಲೆ ಬಂದ ಸರ್ಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿ ನನಗೂ ಮಗಳಿಗೂ ಶೂನ್ಯ ಟಿಕೆಟ್, ಮಗನಿಗೆ ಅರ್ಧ ಟಿಕೆಟ್. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಹಳೇ ಮನೆಯೇ ಈಗ ನಾಣ್ಯಗಳ ಮ್ಯೂಸಿಯಂ. ಪ್ರವೇಶ ಪುಕ್ಕಟೆ. 1906ರಲ್ಲಿ ಅವರು ಸ್ಥಾಪಿಸಿದ ಕಾರ್ಪೊರೇಷನ್ ಬ್ಯಾಂಕು ಹುಟ್ಟಿದ ಜಾಗ, ಆ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನೊಳಗೆ ಸೇರಿತು.

ಬ್ಯಾಂಕು ಶುರುವಾದ ಮೊದಲ ದಿನ ಸೇರಿದ ಹಣ 38 ರೂಪಾಯಿ 13 ಆಣೆ 2 ಪೈ. ಇದನ್ನೇ ನಾನು ನನ್ನ ವಸ್ತು ಎಂದು ಆರಿಸಿದೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದಷ್ಟೇ ಹೇಳಿದೆ. ಮಗಳು ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದಳು. ರೂಪಾಯಿಗೆ 192 ಪೈ, ಅದರಲ್ಲಿ 158, ಅಂದರೆ ಸುಮಾರು 82 ಪೈಸೆ. ಗಣಿತದ ಪುಸ್ತಕ ಕಂಡರೆ ಓಡುವ ಹುಡುಗಿ ಅವಳು! ಮಗ ಕೇಳಿದ್ದು ಮಾತ್ರ ನಾನು ಎಣಿಸದ ಪ್ರಶ್ನೆ, “ಆ ಎರಡು ಪೈ ತಂದುಕೊಟ್ಟದ್ದು ಯಾರು?” ಮಧ್ಯಾಹ್ನ ಕೃಷ್ಣ ಮಠದಲ್ಲಿ ಊಟ. ಸಂಜೆ ಗೋಳಿಬಜೆ ತಿಂದು ಬಂದೆವು. ಆ ದಿನದ ಒಟ್ಟು ಖರ್ಚು 130ರ ಆಸುಪಾಸು.

ಮಣಿಪಾಲದ ಹಸ್ತಶಿಲ್ಪ ಎಂಬ ಮ್ಯೂಸಿಯಮ್ಮಿನ ಹಳೇ ಮನೆಗಳು ಚೆಂದವೋ ಚೆಂದ, ಆದರೆ ಟಿಕೆಟ್ ನನ್ನ ಲೆಕ್ಕಕ್ಕೆ ಹೊಂದುವುದಿಲ್ಲ. ಅದಕ್ಕೆ ಡಬ್ಬಿಯಲ್ಲಿ ಹಣ ಕೂಡಿಡುತ್ತಿದ್ದೇವೆ.

ನಡುವೆ ಇನ್ನೊಂದು ಹುಚ್ಚು ಹತ್ತಿತು. ಮಳೆಗಾಲಕ್ಕೆ ಮೊದಲು ಅಜ್ಜಿ ಮನೆಯ ಮಾಡು ರಿಪೇರಿಗೆ ಹಂಚು ಇಳಿಸಿದ್ದರು. ಮಗ “ಎಲ್ಲಿ ಸವೆದಿದೆ?” ಅಂತ ತಿರುಗಿಸಿ ನೋಡಿದರೆ ಹಿಂದೆ ಅಕ್ಷರಗಳು. ಬಾಸೆಲ್ ಮಿಷನ್, 1865. ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಷನರಿಗಳ ಸಂಸ್ಥೆ. ಮಂಗಳೂರಿನ ಜೆಪ್ಪಿನಲ್ಲಿ ಅವರ ಹಂಚಿನ ಕಾರ್ಖಾನೆ ಶುರುವಾದ ವರ್ಷ ಅದು. ಅಜ್ಜಿ ಮನೆಯ ಮಾಡೇ ಮ್ಯೂಸಿಯಂ ಆಯಿತು. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆವು, ಹರಿದುಹೋಯಿತು. ದಪ್ಪ ಡ್ರಾಯಿಂಗ್ ಹಾಳೆಯಲ್ಲಿ ಅಕ್ಷರ ಮೂಡಲಿಲ್ಲ. ಕೊನೆಗೆ ತೆಳು ಕಾಗದ ಮತ್ತು ಸಿಪ್ಪೆ ತೆಗೆದ ಮೇಣದ ಕ್ರೇಯಾನ್ ಅಡ್ಡ ಮಲಗಿಸಿ ಉಜ್ಜಿದಾಗ ಚೆನ್ನಾಗಿ ಬಂತು. ಹಂಚನ್ನು ಮೊದಲು ತೊಳೆದು ಪೂರ್ತಿ ಒಣಗಿಸಬೇಕು, ಪಾಚಿ ಇದ್ದರೆ ಬರುವುದಿಲ್ಲ. ಅಕ್ಕಪಕ್ಕದ ಮನೆಗಳದ್ದೂ ಸೇರಿ ಈಗ ಒಂಬತ್ತು ಬೇರೆ ಬೇರೆ ಕಾರ್ಖಾನೆಯ ಹಂಚಿನ ಗುರುತು ನಮ್ಮ ಹತ್ತಿರ ಇದೆ. ಅಜ್ಜಿ ತಮ್ಮ ಹಳೇ ಪಾವು, ಸೇರುಗಳನ್ನೂ ಕೊಟ್ಟಿದ್ದಾರೆ. ಮಗ ಎಲ್ಲವನ್ನೂ ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸಿ ಒಂದು ರೂಪಾಯಿ ಟಿಕೆಟ್ ಇಟ್ಟಿದ್ದಾನೆ. ಸೋಮವಾರ ರಜೆ.

ಮುಂದಿನ ಶನಿವಾರ ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ. ತುಕಾರಾಮ ಪೂಜಾರಿ ಅವರು ಸೇರಿಸಿದ ತುಳು ಬದುಕಿನ ಮನೆಸಾಮಾನುಗಳು ಅಲ್ಲಿವೆ, ಸವೆದ ಹಿಡಿಕೆಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ. ಫೋನ್ ಮಾಡಿ ಕೇಳಿಕೊಂಡೇ ಹೊರಡುತ್ತೇವೆ. ಅತ್ತಿಗೆಯ ಮಗ ಈಗಲೇ, “ಮಾಮಿ, ನನಗೂ ಒಂದು ವಸ್ತು ಉಂಟಲ್ಲ?” ಎಂದು ಕೇಳಿದ್ದಾನೆ. ನಾಲ್ಕು ಜನರಿಗೆ ನಾಲ್ಕು ವಸ್ತು ಎಂದರೆ ಒಂದು ಗಂಟೆ ಸಾಲುತ್ತದೋ ಇಲ್ಲವೋ ಗೊತ್ತಿಲ್ಲ. ಸಾಲದಿದ್ದರೆ ನನ್ನದನ್ನು ಬಿಡುತ್ತೇನೆ.